ಒಂದೇ ಹೊಲದ ಕಾಳು

ಭತ್ತದ ಅಕ್ಕಿ ಹಬ್ಬಕ್ಕಷ್ಟೇ ಉಣ್ಣುವ ಊಟವಾಗಿ ಹತ್ತು ವರ್ಷ ಕಳೆದಿತ್ತು. ರಾತ್ರಿಗಳೂ ಕಾಯತೊಡಗಿ ಭತ್ತದ ತೆನೆ ಜೊಳ್ಳಾಗುತ್ತ ಬಂದ ಮೇಲೆ ನಾಡು ನಿಧಾನವಾಗಿ ಸಾವೆ, ನವಣೆ, ಬರಗಿನ ಕಡೆ ತಿರುಗಿತ್ತು. ರೇಷನ್ ಅಂಗಡಿಯಲ್ಲಿ ಸಾವೆ, ಆಸ್ಪತ್ರೆಯ ಗಂಜಿಯಲ್ಲಿ ನವಣೆ, ಮದುವೆಯ ಪಾಯಸದಲ್ಲಿ ಬರಗು. ಆದರೆ ಇವನ್ನು ಬೆಳೆದವರೇ ಅಂಗಡಿಯಿಂದ ಕೊಂಡು ತಂದು ಉಣ್ಣುತ್ತಿದ್ದರು.

ಅದಕ್ಕೆ ಕಾರಣ ಹೊಟ್ಟು. ಸಾವೆಯ ಕಾಳು ಸಾಸಿವೆಗಿಂತ ಒಂಚೂರು ದೊಡ್ಡದು, ಮೇಲಿನ ಹೊಟ್ಟು ಮಾತ್ರ ಬಲು ಬಿರುಸು. ಒರಳಿನಲ್ಲಿ ಕುಟ್ಟಿದರೆ ಅರ್ಧ ನುಚ್ಚಾಗುತ್ತದೆ, ಕಾಲು ಭಾಗ ಹೊಟ್ಟಿನೊಳಗೇ ಉಳಿಯುತ್ತದೆ. ಅದನ್ನು ಸರಿಯಾಗಿ ಬಿಡಿಸುವ ಯಂತ್ರಗಳು ಮೂರಂತಸ್ತಿನ ಎತ್ತರದವು, ಜಿಲ್ಲೆಗೊಂದರಂತಿದ್ದ ದೊಡ್ಡ ಮಿಲ್ಲುಗಳಲ್ಲಿ ಮಾತ್ರ ಇದ್ದವು. ಊರೂರಲ್ಲಿ ಜನ ತಾವೇ ವೆಲ್ಡಿಂಗ್ ಮಾಡಿಸಿಕೊಂಡ ಯಂತ್ರಗಳಿಂದ ಕಬ್ಬಿಣದ ಚೂರು ಅನ್ನಕ್ಕೆ ಬಂದು ದೊಡ್ಡ ಗಲಾಟೆಯಾದ ಮೇಲೆ ಸರ್ಕಾರ ಒಂದು ಕಾನೂನು ತಂದಿತ್ತು. ಪರೀಕ್ಷಾ ಮಂಡಳಿ ಒಪ್ಪದ ಯಂತ್ರದಲ್ಲಿ ಬಿಡಿಸಿದ ಕಾಳನ್ನು ಮಾರುವಂತಿಲ್ಲ. ಮಂಡಳಿ ಒಪ್ಪಿದ ಸಣ್ಣ ಯಂತ್ರ ಅಲ್ಲಿಯವರೆಗೆ ಒಂದೂ ಇರಲಿಲ್ಲ.

ಅಂಥದೊಂದು ಯಂತ್ರವನ್ನು ಮಾಡಲು ಹೊರಟವಳು ಮಹಾನಂದಾ ಕೊಪ್ಪದ. ಹಾವೇರಿಯ ಹೊರವಲಯದಲ್ಲಿದ್ದ, ಹಳೇ ಹತ್ತಿ ಗೋದಾಮನ್ನೇ ಪ್ರಯೋಗಾಲಯ ಮಾಡಿಕೊಂಡ ಸಂಸ್ಥೆಯೊಂದರಲ್ಲಿ ಅವಳು ಎಂಜಿನಿಯರು. ಅವಳ ಜೊತೆ ಕೆಲಸ ಮಾಡುತ್ತಿದ್ದವನು ಎಲೆಕ್ಟ್ರಾನಿಕ್ಸ್ ಓದಿದ ಮೌಲಾಲಿ ನದಾಫ. ಇಬ್ಬರೂ ಸೇರಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡೇ ಷರತ್ತು ಬರೆದಿಟ್ಟುಕೊಂಡಿದ್ದರು. ಯಂತ್ರದ ಬೆಲೆ ಒಂದು ಎಮ್ಮೆಯ ಬೆಲೆ ಮೀರಬಾರದು. ಇಬ್ಬರು ಹೆಂಗಸರು ಅದನ್ನು ಎತ್ತಿ ಚಕ್ಕಡಿಯಲ್ಲಿ ಇಡುವಂತಿರಬೇಕು.

ಕಲ್ಲು, ರಬ್ಬರು, ಉರುಳೆ ಯಾವುದನ್ನು ಹಾಕಿದರೂ ಈ ಎರಡರಲ್ಲಿ ಒಂದು ಷರತ್ತು ಮುರಿಯುತ್ತಿತ್ತು. ಆಗ ಮಹಾನಂದಾ ಇನ್ನೊಂದು ದಾರಿ ಯೋಚಿಸಿದಳು. ಹೊಟ್ಟನ್ನು ಉಜ್ಜಿ ತೆಗೆಯುವ ಬದಲು ಸದ್ದಿನಿಂದ ನಡುಗಿಸಿ ತೆಗೆದರೆ ಹೇಗೆ? ಹೊಟ್ಟು ಬಿರುಸು, ಒಳಗಿನ ಅಕ್ಕಿ ಮೆತ್ತಗೆ. ತಕ್ಕ ಸ್ವರದಲ್ಲಿ ನಡುಗಿಸಿದರೆ ಹೊಟ್ಟು ಬಿರಿಯಬೇಕು, ಅಕ್ಕಿ ಇಡಿಯಾಗಿ ಉಳಿಯಬೇಕು. ತೆಳುವಾದ ಉಕ್ಕಿನ ತಟ್ಟೆಯ ಮೇಲೆ ಒಂದು ಹಿಡಿ ಸಾವೆ ಹರಡಿ ನೋಡಿದರು. ಹೊಟ್ಟು ಬಿಟ್ಟಿತು. ಆದರೆ ಮರುದಿನ ಅದೇ ಸ್ವರ ಕೊಟ್ಟಾಗ ಒಂದು ಕಾಳೂ ಬಿಚ್ಚಲಿಲ್ಲ. ಮೋಡ ಕವಿದಿತ್ತು, ಕಾಳು ತುಸು ತೇವ ಹೀರಿ ಅದರ ಸ್ವರ ಇಳಿದುಬಿಟ್ಟಿತ್ತು. ಪ್ರತಿ ಸಲವೂ ಸ್ವರ ಹುಡುಕಿ ಹೊಂದಿಸಿಕೊಡುವ ಉಪಕರಣ ಇತ್ತು. ಅದೊಂದರ ಬೆಲೆಗೆ ನಾಲ್ಕು ಎಮ್ಮೆ ಬರುತ್ತಿದ್ದವು.

ಒಂದು ಭಾನುವಾರ ಮಹಾನಂದಾಳ ಮನೆಯ ಹಿತ್ತಲಲ್ಲಿ ಅವಳ ಅತ್ತೆ ಗುರುಸಿದ್ದವ್ವ ಮೆಂತೆ ಸೊಪ್ಪು ಸೋಸುತ್ತ ಕೂತಿದ್ದರು. ಬಿಸಿಲೆಂದು ಸೆರಗು ತಲೆಯ ಮೇಲೆ ಎಳೆದುಕೊಂಡಾಗ ಅವರ ಕಿವಿಯ ಮಷೀನು ಕುಂಯ್ ಎಂದು ಕೂಗಿತು.

"ಈ ಸುಡುಗಾಡ ಮಷೀನ ಮತ್ತ ಶುರು ಮಾಡ್ತು ನೋಡು," ಎಂದು ಅವರು ಅಂಗೈಯಿಂದ ಕಿವಿ ಮುಚ್ಚಿಕೊಂಡರು. ಕೂಗು ಇನ್ನೂ ಏರಿತು. ಕೈ ದೂರ ಸರಿಸಿದರೆ ಇಳಿಯಿತು.

ಮಹಾನಂದಾ ಒಣಗಹಾಕುತ್ತಿದ್ದ ಬಟ್ಟೆಯನ್ನು ಬಿಟ್ಟು ಹತ್ತಿರ ಬಂದಳು. "ಅತ್ತಿ, ಇನ್ನೊಮ್ಮೆ ಕೈ ಹಿಡೀರಿ. ಈಗ ಸ್ವಲ್ಪ ದೂರ. ಈಗ ಹತ್ರ."

"ನಿನಗೇನ ಆಟ ಹತ್ತೇತೇನು?" ಎಂದರೂ ಗುರುಸಿದ್ದವ್ವ ಹೇಳಿದಂತೆ ಮಾಡಿದರು.

ಮಷೀನಿನಿಂದ ಹೊರಟ ಸದ್ದು ಅಂಗೈಗೆ ಬಡಿದು ಮತ್ತೆ ಮಷೀನಿಗೇ ಸೇರುತ್ತಿತ್ತು. ಅದು ಇನ್ನಷ್ಟು ದೊಡ್ಡದಾಗಿ ಹೊರಬಂದು ಮತ್ತೆ ಒಳಹೋಗುತ್ತಿತ್ತು. ಆ ಕೂಗಿನ ಸ್ವರವನ್ನು ಯಾರೂ ಹೊಂದಿಸಿರಲಿಲ್ಲ. ಕೈಗೂ ಕಿವಿಗೂ ನಡುವಿನ ಸಂದು ತನಗೆ ಬೇಕಾದ ಸ್ವರವನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಮಹಾನಂದಾ ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಮೌಲಾಲಿಗೆ ಫೋನು ಮಾಡಿದಳು.

"ಮೌಲಾಲಿ, ಸ್ವರ ಹುಡುಕೋ ಉಪಕರಣ ಬ್ಯಾಡ. ತಟ್ಟಿಯ ಒಂದು ತುದಿಗೆ ನಡುಗಿಸೋದು ಐತಲ್ಲ, ಇನ್ನೊಂದು ತುದಿಗೆ ಮೈಕ್ ಕೂಡಿಸೂಣು. ಕಾಳಿನಿಂದ ಬಂದ ಸದ್ದನ್ನ ದೊಡ್ಡದು ಮಾಡಿ ತಿರುಗಿ ಕಾಳಿಗೇ ಕೊಡೂಣು. ಅದರ ಸ್ವರ ಅದು ತಾನ ಹಿಡೀಲಿ."

ಆ ಕಡೆಯಿಂದ ಮೌಲಾಲಿ, "ಅಕ್ಕಾರ, ನಾ ಈಗ ಬರ್ತೀನಿ, ನೀವೂ ಬರ್ರಿ," ಎಂದ.

ಸಂಜೆಯೊಳಗೆ ತಟ್ಟೆ ಹಾಡಿತು. ಮೊದಲು ಗೊರ ಗೊರ ಎಂದಿತು, ಆಮೇಲೆ ಒಂದು ಸ್ವರ ಹಿಡಿದು ಅಲ್ಲೇ ನಿಂತಿತು, ದೂರದ ಶಂಖದ ಹಾಗೆ. ಕಾಳು ತಟ್ಟೆಯ ಮೇಲೆ ಕುಣಿಯುತ್ತ ಬಿರಿಯಿತು. ಫ್ಯಾನಿನ ಗಾಳಿಗೆ ಹೊಟ್ಟು ಹಾರಿ, ಕೆನೆ ಬಣ್ಣದ ಅಕ್ಕಿ ಉಳಿಯಿತು. ಮೌಲಾಲಿ ನೀರು ಚಿಮುಕಿಸಿ ಇನ್ನೊಂದು ಹಿಡಿ ಹಾಕಿದ. ಸ್ವರ ಇಳಿಯಿತು, ಕೆಲಸ ನಡೆಯಿತು.

ಆ ಅಕ್ಕಿಯನ್ನು ಮಹಾನಂದಾ ಮನೆಗೆ ತಂದು ಅನ್ನ ಮಾಡಿದಳು. ಬಸ್ಸಿನ ಡ್ಯೂಟಿ ಮುಗಿಸಿ ಬಂದ ಗಂಡ ವೀರೇಶ ಎರಡನೇ ಸಲ ಬಡಿಸಿಕೊಂಡು, ಯಾವ ಅಂಗಡಿಯದೆಂದು ಕೇಳಿದ. ಗುರುಸಿದ್ದವ್ವ ತುತ್ತು ಬಾಯಲ್ಲಿಟ್ಟುಕೊಂಡು ನಿಧಾನವಾಗಿ ಅಗಿದರು. "ಮಿಲ್ಲಿನ ಅಕ್ಕಿಗೆ ಘಮ ಇರ್ತಿರಲಿಲ್ಲ. ಇದಕ್ಕ ಐತಿ," ಎಂದರು. ಮಿಲ್ಲಿನವರು ತಿಂಗಳುಗಟ್ಟಲೆ ಕೆಡದಿರಲೆಂದು ಒಳಗಿನ ತವುಡನ್ನೂ ಉಜ್ಜಿ ತೆಗೆಯುತ್ತಿದ್ದರು. ಇದರಲ್ಲಿ ತವುಡು ಹಾಗೇ ಇತ್ತು. ಬೇಕಾದಷ್ಟನ್ನು ಬೇಕಾದಾಗ ಬಿಡಿಸಿಕೊಳ್ಳುವ ಮನೆಗೆ ಕೆಡುವ ಭಯವೇ ಇರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಯಂತ್ರ ಒಂದು ರೂಪಕ್ಕೆ ಬಂತು. ಹೊಲಿಗೆ ಯಂತ್ರದಷ್ಟು ಎತ್ತರ, ಮೇಲೊಂದು ಸೌರ ಫಲಕ. ಬೆಲೆ ಎಮ್ಮೆಗಿಂತ ತುಸು ಕಡಿಮೆಯೇ ಬಿತ್ತು. ಅದನ್ನು ಮೊದಲು ಒಯ್ದದ್ದು ಗುಡ್ಡದಹೊಸೂರಿಗೆ. ಅಲ್ಲಿ ಫಕೀರವ್ವ ಎಂಬಾಕೆ ಹನ್ನೊಂದು ಮನೆಯ ಹೆಂಗಸರನ್ನು ಕೂಡಿಸಿಕೊಂಡು ಗುಡ್ಡದ ಇಳಿಜಾರಿನ ತುಂಡು ಹೊಲಗಳಲ್ಲಿ ಸಾವೆ ಬೆಳೆಯುತ್ತಿದ್ದಳು. ಐವತ್ತರ ಹೆಂಗಸು, ಮಾತು ಕಡಿಮೆ, ಹೇಳಿದ ಮಾತು ತಪ್ಪುವವಳಲ್ಲ. ಯಂತ್ರ ಹಾಡುವುದನ್ನು ಅವಳು ಕೈ ಕಟ್ಟಿಕೊಂಡು ನೋಡಿದಳು. ಒಂದು ಹಿಡಿ ಅಕ್ಕಿ ಎತ್ತಿ ಬಿಸಿಲಿಗೆ ಹಿಡಿದಳು.

"ಮಂಡಳಿಯವರು ಇದಕ್ಕ ಒಪ್ಪಿಗಿ ಕೊಡ್ತಾರೇನ್ರಿ?"

"ಕೊಡ್ತಾರ ಅಂತ ನನ್ನ ನಂಬಿಕಿ," ಎಂದಳು ಮಹಾನಂದಾ.

"ಹಂಗಾರ ಈ ಸಲ ಮಿಲ್ಲಿಗೆ ಹಾಕೂದಿಲ್ಲ. ನಮ್ಮ ಅಕ್ಕಿ ನಾವ ಬಿಡಿಸಿ ಮಾರ್ತೀವಿ."

ಮಿಲ್ಲು ಕಾಳು ಕೊಳ್ಳುತ್ತಿದ್ದುದು ಸುಗ್ಗಿಯಲ್ಲಿ ಮಾತ್ರ. ಆ ದಿನಗಳು ಕಳೆದುಹೋದರೆ ಹನ್ನೊಂದು ಮನೆಯ ಬೆಳೆ ಮಾರಾಟವಾಗದೆ ಮನೆಯಲ್ಲೇ ಉಳಿಯುತ್ತಿತ್ತು. ಇದು ಮಹಾನಂದಾಗೂ ಗೊತ್ತಿತ್ತು, ಫಕೀರವ್ವಳಿಗೂ ಗೊತ್ತಿತ್ತು. ಹೆಂಗಸರು ಚೀಲಗಳನ್ನು ಅಟ್ಟಕ್ಕೇರಿಸಿದರು. ಮಿಲ್ಲಿನ ಲಾರಿ ಊರಿಗೆ ಬಂದು ಖಾಲಿ ಹೋಯಿತು.

ಪರೀಕ್ಷೆಯ ದಿನ ಮಂಡಳಿಯ ಪ್ರಯೋಗಾಲಯದಲ್ಲಿ ಮುಖ್ಯ ಪರೀಕ್ಷಕರಾದ ಡಾ. ಜಯದೇವ ಸುಂಕದ ಅವರೇ ಇದ್ದರು. ಕಟ್ಟುನಿಟ್ಟಿನ ಮನುಷ್ಯ, ಆದರೆ ಯಾರಿಗೂ ಅನ್ಯಾಯ ಮಾಡಿದವರೆಂಬ ಮಾತಿರಲಿಲ್ಲ. ನಿಯಮದಂತೆ ಹತ್ತು ಜಿಲ್ಲೆಗಳಿಂದ ತರಿಸಿದ ಸಾವೆಯನ್ನು ಚೆನ್ನಾಗಿ ಬೆರೆಸಿ ಒಂದು ಡಬ್ಬದಲ್ಲಿ ಇಟ್ಟಿದ್ದರು. ಯಾವ ಊರಿನ ಕಾಳಿಗೂ ಪಕ್ಷಪಾತವಾಗಬಾರದೆಂಬುದು ನಿಯಮದ ಉದ್ದೇಶ.

ಮೌಲಾಲಿ ಗುಂಡಿ ಒತ್ತಿದ. ಯಂತ್ರ ಗೊರಗುಟ್ಟಿತು. ಒಂದು ಸ್ವರ ಹಿಡಿಯಿತು, ಬಿಟ್ಟಿತು, ಇನ್ನೊಂದು ಹಿಡಿಯಿತು, ಅದನ್ನೂ ಬಿಟ್ಟಿತು. ಒಮ್ಮೆ ಕಿರುಚಿ ಒಮ್ಮೆ ಗೊಗ್ಗರಾಗಿ ಎಲ್ಲೂ ನಿಲ್ಲದೆ ಅಲೆದಾಡಿತು. ಹೊರಬಿದ್ದದ್ದು ಅರ್ಧ ನುಚ್ಚು, ಅರ್ಧ ಹೊಟ್ಟು ಬಿಡದ ಕಾಳು. ಮೂರು ಸಲ ಮಾಡಿದರೂ ಅಷ್ಟೇ.

ಸುಂಕದ ಅವರು ಕನ್ನಡಕ ತೆಗೆದರು. "ಕಲ್ಪನೆ ತುಂಬ ಚೆನ್ನಾಗಿದೆ, ಮಹಾನಂದಾ ಅವರೇ. ಆದರೆ ಇದನ್ನು ನಾನು ಪಾಸು ಮಾಡಲಾರೆ."

ವಾಪಸು ಬರುವ ದಾರಿಯಲ್ಲಿ ಮಹಾನಂದಾಗೆ ಅಟ್ಟದ ಮೇಲಿನ ಚೀಲಗಳೇ ಕಣ್ಣ ಮುಂದೆ ಬರುತ್ತಿದ್ದವು.

ಒಂದು ವಾರ ಅವರು ಗೋದಾಮಿನಲ್ಲೇ ಊಟ ಮಾಡಿದರು. ಯಂತ್ರದ ಒಂದೊಂದು ತಂತಿಯನ್ನೂ ಬಿಚ್ಚಿ ನೋಡಿದರು. ಯಂತ್ರದಲ್ಲಿ ದೋಷವಿರಲಿಲ್ಲ. ಕೊನೆಗೆ ಮಹಾನಂದಾ ಫಕೀರವ್ವಳ ಹೊಲದ ಕಾಳನ್ನೂ ಗದಗ ಕಡೆಯಿಂದ ತರಿಸಿದ ಕಾಳನ್ನೂ ಬೇರೆಬೇರೆಯಾಗಿ ಹಾಕಿದಳು. ಫಕೀರವ್ವಳ ಕಾಳು ತಗ್ಗಿನ ಸ್ವರದಲ್ಲಿ ಹಾಡಿತು, ಗದಗಿನದು ಸ್ವಲ್ಪ ಏರಿನಲ್ಲಿ. ಎರಡರ ಅಕ್ಕಿಯೂ ಇಡಿಯಾಗಿ ಬಂತು. ಆಮೇಲೆ ಎರಡನ್ನೂ ಬೆರೆಸಿ ಹಾಕಿದಳು. ಯಂತ್ರ ಮಂಡಳಿಯಲ್ಲಿ ಮಾಡಿದಂತೆಯೇ ಅಲೆದಾಡಿತು.

ಮಣ್ಣು ಬೇರೆ, ಬಿಸಿಲು ಬೇರೆ, ಮಳೆ ಬಿದ್ದ ವಾರ ಬೇರೆ. ಒಂದೊಂದು ಹೊಲದ ಹೊಟ್ಟಿನ ದಪ್ಪ ಕೂದಲೆಳೆಯಷ್ಟು ಬೇರೆ. ಒಂದು ಹೊಲದ ಕಾಳಿಗೆಲ್ಲ ಒಂದೇ ಸ್ವರ. ಕಲಬೆರಕೆ ಕಾಳಿಗೆ ತನ್ನದೆಂಬ ಸ್ವರವೇ ಇಲ್ಲ.

"ಅಕ್ಕಾರ, ಇದನ್ನ ಸರಿ ಮಾಡಬಹುದು," ಎಂದ ಮೌಲಾಲಿ. "ಹತ್ತು ಸ್ವರ ಒಮ್ಮೆಲೆ ಹಿಡಿಯೋ ಸರ್ಕೀಟು ಹಾಕೂಣು. ಬೆಲಿ ಆರು ಪಟ್ಟು ಆಗತೈತಿ. ಆದ್ರ ಪಾಸಾಗತೈತಿ."

"ಆರು ಪಟ್ಟು ಕೊಟ್ಟು ತಗೊಳ್ಳೋರು ಯಾರು?"

"ಮಿಲ್ಲಿನವರು ತಗೋತಾರ."

"ಅವರ ಹತ್ರ ಆಗ್ಲೇ ಮೂರಂತಸ್ತಿನ ಯಂತ್ರ ಐತಲ್ಲ, ಮೌಲಾಲಿ. ನಾವು ಹೊಂಟಿದ್ದು ಅವರಿಗಾಗಿ ಅಲ್ಲ."

"ಹನ್ನೊಂದು ಮನಿ ಕಾಳು ಅಟ್ಟದ ಮ್ಯಾಲ ಐತಿ ಅಕ್ಕಾರ. ಅದಕ್ಕೇನ್ ಹೇಳೂಣು?"

ಮರುದಿನ ಬೆಳಿಗ್ಗೆ ಮಹಾನಂದಾ ಒಬ್ಬಳೇ ಗುಡ್ಡದಹೊಸೂರಿನ ಬಸ್ಸು ಹತ್ತಿದಳು.

ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು. ಮೂರು ಮನೆಯವರು ಗುಂಪು ಬಿಟ್ಟಿದ್ದರು. ಒಬ್ಬಾಕೆಯ ಗಂಡ ಬೀದಿಯಲ್ಲೇ ನಿಂತು ಫಕೀರವ್ವಳಿಗೆ ಬಾಯಿಗೆ ಬಂದಂತೆ ಅಂದಿದ್ದ. ಫಕೀರವ್ವ ಅದನ್ನೇನೂ ಹೇಳದೆ ಮಹಾನಂದಾಗೆ ಕೂರಲು ಕಂಬಳಿ ಹಾಸಿ, ಚಹಾ ಕೊಟ್ಟಳು. ಮಹಾನಂದಾ ಆದದ್ದನ್ನೆಲ್ಲ ಬಿಡಿಸಿ ಹೇಳಿದಳು.

ಫಕೀರವ್ವ ಪೂರ್ತಿ ಕೇಳಿದಳು. "ನಮ್ಮ ಕಾಳಿಗೆ ಏನೂ ತ್ರಾಸ ಇಲ್ಲ ಹೌದಲ್ರಿ?"

"ಇಲ್ಲ. ಒಂದು ಹೊಲದ್ದು ಇದ್ರ ಸಾಕು. ಬೆರೆಸಬಾರದು ಅಷ್ಟ."

"ಬೆರಸೋರು ಯಾರ್ರಿ? ಬಸವ್ವನ ಹೊಲದ್ದು ಬಸವ್ವನ ಅಟ್ಟಕ್ಕ ಹೊಕ್ಕಾವು, ನನ್ನವು ನನ್ನ ಅಟ್ಟಕ್ಕ. ಬೆರೆಸೋದು ಲಾರ್ಯಾಗ. ಮಿಲ್ಲಿನ್ಯಾಗ."

ಮಹಾನಂದಾ ಚಹಾದ ಲೋಟ ಕೆಳಗಿಟ್ಟಳು. ಬೆರೆತ ಕಾಳನ್ನು ಬಿಡಿಸಲಾಗದ್ದನ್ನು ಅವಳು ಯಂತ್ರದ ಕುಂದು ಎಂದೇ ಎಣಿಸಿಕೊಂಡು ಬಂದಿದ್ದಳು. ಆ ಕುಂದು ದೊಡ್ಡ ಮಿಲ್ಲಿಗೆ ಮಾತ್ರ ಕುಂದು. ಹತ್ತು ಊರಿನ ಕಾಳನ್ನು ಒಂದು ರಾಶಿ ಮಾಡುವವನಿಗೆ ಈ ಯಂತ್ರ ಎಂದಿಗೂ ಕೆಲಸ ಮಾಡದು. ತನ್ನ ಹೊಲದ್ದನ್ನು ತಾನೇ ತರುವವಳಿಗೆ ಎಂದಿಗೂ ಕೈಕೊಡದು. ಅದನ್ನು ಸರಿಪಡಿಸುವ ಯೋಚನೆಯನ್ನು ಅವಳು ಆ ಕಂಬಳಿಯ ಮೇಲೆ ಕೂತೇ ಕೈಬಿಟ್ಟಳು.

ಅಲ್ಲಿಂದ ನೇರ ಮಂಡಳಿಗೆ ಹೋದಳು. ಸುಂಕದ ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಸರ್, ನಿಮ್ಮ ಡಬ್ಬದಾಗ ಕಾಳು ಬೆರೆಸೋದಕ್ಕಿಂತ ಮೊದಲು ಅವು ಎಲ್ಲಿದ್ವು?"

"ಹತ್ತು ಬೇರೆ ಚೀಲಗಳಲ್ಲಿ."

"ಆ ಚೀಲಗಳನ್ನ ಹಂಗ ಕೊಡ್ರಿ. ಹತ್ತೂ ಮಾಡಿ ತೋರಿಸ್ತೀನಿ. ಒಂದು ಸೋತರೂ ನಾ ಮತ್ತ ಬರೂದಿಲ್ಲ."

ಅವರು ನಿಯಮಾವಳಿ ತೆಗೆದು ಬಹಳ ಹೊತ್ತು ಓದಿದರು. "ಯಂತ್ರ ಎಲ್ಲಿ, ಹೇಗೆ ಬಳಕೆಯಾಗುತ್ತದೋ ಅದಕ್ಕೆ ತಕ್ಕಂತೆ ಪರೀಕ್ಷಿಸಬೇಕು ಅಂತಲೂ ಇಲ್ಲಿ ಒಂದು ಸಾಲಿದೆ. ಇದುವರೆಗೆ ಬಂದದ್ದೆಲ್ಲ ಮಿಲ್ಲಿನ ಯಂತ್ರ. ಅದಕ್ಕೇ ಬೆರೆಸಿದ ಕಾಳು ಇಡುತ್ತ ಬಂದೆವು. ಇದರ ಬಗ್ಗೆ ನಾವು ಯೋಚನೆಯನ್ನೇ ಮಾಡಿರಲಿಲ್ಲ." ಪುಸ್ತಕ ಮುಚ್ಚಿದರು. "ಪರೀಕ್ಷೆ ನಿಮ್ಮ ಗುಡ್ಡದಹೊಸೂರಿನಲ್ಲಿ ಆಗಲಿ. ಹತ್ತು ಜಿಲ್ಲೆಯ ರೈತರೇ ತಮ್ಮ ಕಾಳು ತರಲಿ. ಯಂತ್ರವನ್ನು ನಡೆಸುವವರು ನೀವಲ್ಲ, ಊರಿನವರು."

ಆ ದಿನ ಶಾಲೆಯ ಅಂಗಳದಲ್ಲಿ ಜನ ಸೇರಿದ್ದರು. ಗುಂಪು ಬಿಟ್ಟ ಮೂರು ಮನೆಯ ಹೆಂಗಸರೂ ಗೋಡೆಯ ಪಕ್ಕ ನಿಂತಿದ್ದರು. ದೂರದ ಊರುಗಳಿಂದ ಬಂದ ರೈತರು ತಮ್ಮ ತಮ್ಮ ಗಂಟುಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಯಂತ್ರದ ಮುಂದೆ ಫಕೀರವ್ವ. ಮಹಾನಂದಾ ಮತ್ತು ಮೌಲಾಲಿ ಹತ್ತಿರ ಹೋಗುವಂತಿರಲಿಲ್ಲ.

ಮೊದಲ ಗಂಟು ತುಮಕೂರಿನ ಕಡೆಯದು. ಯಂತ್ರ ಸ್ವರ ಹಿಡಿದು ನಿಂತಿತು. ಎರಡನೆಯದಕ್ಕೆ ಸ್ವರ ಬೇರೆ. ಮೂರನೆಯದಕ್ಕೆ ಇನ್ನೂ ಬೇರೆ. ಒಂದಾದ ಮೇಲೊಂದು ಕೆನೆ ಬಣ್ಣದ ಅಕ್ಕಿ ಬುಟ್ಟಿಗೆ ಬಿತ್ತು. ಸುಂಕದ ಅವರು ಪ್ರತಿ ಬುಟ್ಟಿಯಿಂದಲೂ ಒಂದು ಚಮಚ ತೆಗೆದು ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಜನರಿಗೆ ಕ್ರಮೇಣ ರುಚಿ ಹತ್ತಿತು. ಮುಂದಿನ ಗಂಟಿನ ಸ್ವರ ಏರುತ್ತದೋ ಇಳಿಯುತ್ತದೋ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳತೊಡಗಿದರು.

ಎಂಟನೆಯ ಗಂಟು ಸಂಡೂರಿನ ಕಡೆಯಿಂದ ಬಂದ ನಾಗಲಿಂಗಪ್ಪನವರದು. ಫಕೀರವ್ವ ಕಾಳು ಸುರಿದಳು. ಯಂತ್ರ ಗೊರಗುಟ್ಟಿತು, ಸ್ವರ ಹಿಡಿಯಿತು, ಬಿಟ್ಟಿತು. ಮತ್ತೆ ಹಿಡಿದು ಮತ್ತೆ ಬಿಟ್ಟಿತು. ಬುಟ್ಟಿಗೆ ನುಚ್ಚು ಬೀಳತೊಡಗಿತು. ಮೌಲಾಲಿ ತಲೆ ತಗ್ಗಿಸಿದ.

ಫಕೀರವ್ವ ಯಂತ್ರ ನಿಲ್ಲಿಸಿದಳು. "ಅಣ್ಣಾರ, ಇವು ಎರಡು ಹೊಲದ್ದು ಅದಾವೇನ್ರಿ?"

ನಾಗಲಿಂಗಪ್ಪ, ಎಲ್ಲರೂ ತಮ್ಮತ್ತ ನೋಡುತ್ತಿದ್ದುದು ಕಂಡು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಮ್ಮ ಹೊಲ್ದಾಗ ಈ ಸಲ ಕಡಿಮಿ ಬಂತವ್ವ. ಇಷ್ಟು ದೂರ ಸಣ್ಣ ಗಂಟು ತಗಂಡು ಬರೋಕೆ ಮನಸ್ಸಾಗ್ಲಿಲ್ಲ. ತಮ್ಮನ ಹೊಲದ್ದು ನಾಕು ಸೇರು ಕೂಡಿಸೀನಿ."

ಯಾರೂ ನಗಲಿಲ್ಲ. ಸುಂಕದ ಅವರು ಎದ್ದು ಯಂತ್ರದ ಹತ್ತಿರ ಬಂದರು. ಭೂತಗನ್ನಡಿಯನ್ನು ಜೇಬಿಗಿಟ್ಟು, ತಮ್ಮ ಜೊತೆ ಬಂದಿದ್ದ ಸಹಾಯಕರ ಕಡೆ ತಿರುಗಿದರು. "ನಮ್ಮ ಪ್ರಯೋಗಾಲಯದಲ್ಲಿ ಕಾಳು ಬೆರೆತಿದೆಯೋ ಇಲ್ಲವೋ ಅಂತ ಪತ್ತೆ ಮಾಡಲು ನಮಗೆ ಮೂರು ದಿನ ಬೇಕು. ಇವರು ಬರೀ ಕಿವಿಯಿಂದ ಹೇಳಿದರು. ಇದು ಸೋಲಲ್ಲ, ಹಾಗೇ ಬರೆದುಕೊಳ್ಳಿ. ಅವರ ಹೊಲದ ಕಾಳನ್ನೇ ತರಿಸಿ ಇನ್ನೊಮ್ಮೆ ಮಾಡೋಣ. ಉಳಿದ ಎರಡು ಈಗ ಆಗಲಿ."

ಆ ಎರಡೂ ಹಾಡಿದವು. ವಾರದ ನಂತರ ನಾಗಲಿಂಗಪ್ಪನವರು ತಮ್ಮ ಸ್ವಂತ ಹೊಲದ ಸಣ್ಣ ಗಂಟನ್ನು ತಾವೇ ಹೊತ್ತು ತಂದರು. ಅದು ಹತ್ತರಲ್ಲೇ ಎಲ್ಲಕ್ಕಿಂತ ಏರಿದ ಸ್ವರದಲ್ಲಿ ಹಾಡಿತು. ಅವರು ಅದನ್ನು ಇನ್ನೊಮ್ಮೆ ನಡೆಸೆಂದು ಫಕೀರವ್ವಳನ್ನು ಕೇಳಿ, ಕಣ್ಣು ಮುಚ್ಚಿಕೊಂಡು ಆಲಿಸಿದರು. "ನಮ್ಮ ಹೊಲ," ಎಂದು ತಮ್ಮಷ್ಟಕ್ಕೆ ತಾವೇ ಅಂದುಕೊಂಡರು.

ಒಪ್ಪಿಗೆ ಪತ್ರದ ಕೊನೆಯಲ್ಲಿ ಒಂದು ನಿರ್ಬಂಧ ಇತ್ತು: ಒಂದೇ ಹೊಲದ ಕಾಳಿಗೆ ಮಾತ್ರ ಬಳಸತಕ್ಕದ್ದು. ಮೌಲಾಲಿ ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ತಗಡಿನ ಮೇಲೆ ಕೆತ್ತಿಸಿ ಪ್ರತಿ ಯಂತ್ರದ ಎದೆಗೂ ಜಡಿಸಿದ. ಆರು ಪಟ್ಟಿನ ಸರ್ಕೀಟಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಹನ್ನೊಂದು ಮನೆಯ ಅಕ್ಕಿ ಹಾವೇರಿಯ ಸಂತೆಗೆ ಬಂದು ಮಧ್ಯಾಹ್ನದೊಳಗೆ ತೀರಿತು. ಗುಂಪು ಬಿಟ್ಟವರನ್ನು ಫಕೀರವ್ವ ಏನೂ ಕೇಳದೆ ಮೊದಲೇ ಸೇರಿಸಿಕೊಂಡಿದ್ದಳು. ನೀಲನಕ್ಷೆಯನ್ನು ಸಂಸ್ಥೆ ಯಾರು ಕೇಳಿದರೂ ಕೊಟ್ಟಿತು. ಊರೂರಿನ ಗ್ಯಾರೇಜುಗಳಲ್ಲಿ ಜನ ತಾವೇ ಮಾಡಿಕೊಂಡರು, ಮಂಡಳಿಯವರು ಊರಿಗೇ ಹೋಗಿ ಪರೀಕ್ಷಿಸಿದರು. ದೊಡ್ಡ ಮಿಲ್ಲಿನ ಪ್ರತಿನಿಧಿಯೊಬ್ಬ ಬಂದು, ಲಾರಿಗಟ್ಟಲೆ ಕಾಳಿಗೆ ಇದನ್ನು ಹಿಗ್ಗಿಸಬಹುದೇ ಎಂದು ವಿಚಾರಿಸಿದ. ಮಹಾನಂದಾ ಅವನಿಗೆ ಚಹಾ ಕುಡಿಸಿ, ಆಗುವುದಿಲ್ಲವೆಂದು ಕಾರಣಸಹಿತ ವಿವರಿಸಿದಳು. ಆ ವಿವರಣೆ ಕೊಡುವಾಗ ಅವಳಿಗೆ ಆದಷ್ಟು ಖುಷಿ ಒಪ್ಪಿಗೆ ಪತ್ರ ಬಂದಾಗಲೂ ಆಗಿರಲಿಲ್ಲ.

ನಾಲ್ಕು ವರ್ಷದ ಮೇಲೆ ಅವಳು ಬೇರೆ ಕೆಲಸಕ್ಕೆಂದು ಕೊಪ್ಪಳದ ಕಡೆಯ ಒಂದು ಹಳ್ಳಿಗೆ ಹೋಗಿದ್ದಳು. ಅಲ್ಲಿನ ಒಬ್ಬ ರೈತನಿಂದ ಮನೆಗೆಂದು ಐದು ಸೇರು ಸಾವೆ ಕೊಂಡಳು. ಬಿಡಿಸಿಕೊಂಡು ಹೋಗಲು ಅವನು ಪಂಚಾಯಿತಿ ಕಟ್ಟೆಯ ಹಿಂದಿನ ಕೋಣೆ ತೋರಿಸಿದ. ಒಳಗೆ ಅವಳದೇ ಯಂತ್ರ. ಹಸಿರು ಬಣ್ಣ ಹಚ್ಚಿ, ಕಾಳು ಸುರಿಯುವ ಬಾಯಿಯನ್ನು ಅಗಲ ಮಾಡಿ, ಕೂತು ನಡೆಸಲು ಅನುಕೂಲವಾಗುವಂತೆ ಕಾಲು ಗಿಡ್ಡ ಮಾಡಿದ್ದರು. ಸಾಲಿನಲ್ಲಿ ಏಳೆಂಟು ಜನರಿದ್ದರು. ನಡೆಸುತ್ತಿದ್ದ ಹೆಂಗಸಿಗೆ ಮಹಾನಂದಾಳ ವಯಸ್ಸೇ ಇರಬೇಕು, ಮುಖ ಗಂಟಿಕ್ಕಿಕೊಂಡಿದ್ದಳು.

ಅಪರಿಚಿತಳು ನೇರ ಯಂತ್ರದ ಹತ್ತಿರ ಬಂದು ಬಗ್ಗಿ ನೋಡುವುದನ್ನು ಕಂಡು ಆಕೆಗೆ ಸರಿಬರಲಿಲ್ಲ.

"ಅಕ್ಕಾರ, ಅದನ್ನ ಮುಟ್ಟಬ್ಯಾಡ್ರಿ. ಪಾಳಿ ಹಚ್ಚಿ ನಿಂದರ್ರಿ."

"ಆತ್ರಿ," ಎಂದು ಮಹಾನಂದಾ ಹಿಂದೆ ಸರಿದಳು.

"ಕೈಯಾಗಿನ ಕಾಳು ಒಂದ ಹೊಲದ್ದು ಅದಾವಿಲ್ರಿ? ಬೆರೆಸಿದ್ದು ತಂದ್ರ ನಾವು ಹಾಕೂದಿಲ್ಲ. ಆಮ್ಯಾಲ ತಕರಾರು ಬ್ಯಾಡ."

"ಒಂದ ಹೊಲದ್ದ್ರಿ. ಈಗ ತಂದೀನಿ."

"ಮತ್ತ ನೀವು ನಮ್ಮ ಊರಿನೋರಲ್ಲ. ಇದು ಹೆಂಗ ನಡೀತೈತಿ ಅಂತ ಗೊತ್ತಿಲ್ಲ ಅನಸ್ತೈತಿ. ನಿಮ್ಮ ಪಾಳಿ ಬಂದಾಗ ತೋರಸ್ತೀನಿ."

"ತೋರಸ್ರಿ," ಎಂದಳು ಮಹಾನಂದಾ. ಚೀಲವನ್ನು ಸೊಂಟಕ್ಕೆ ಆನಿಸಿಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.